ಹನ್ನೊಂದು ಇಂಚಿನ ಮಳೆ

ದಿನಾ ಬೆಳಿಗ್ಗೆ ಎಂಟೂವರೆಗೆ ನನ್ನ ಮೊಬೈಲಿಗೆ ಮಳೆ ಬರುತ್ತದೆ. ಪುತ್ತೂರು, ಸುಳ್ಯ, ಕಡಬ ಕಡೆಯ ಕೃಷಿಕರು ಸೇರಿ ಮಾಡಿಕೊಂಡ ವಾಟ್ಸಾಪ್ ಗುಂಪು ಅದು. ಒಬ್ಬೊಬ್ಬರ ಅಂಗಳದಲ್ಲೂ ಒಂದೊಂದು ಮಳೆಮಾಪಕ ಇದೆ, ಹಿಂದಿನ ದಿನ ಎಷ್ಟು ಬಿತ್ತು ಎಂದು ಅಳೆದು ಎಲ್ಲರೂ ಹಾಕುತ್ತಾರೆ. ಬೆಟ್ಟಂಪಾಡಿಯ ನನ್ನ ಅಂಗಳದಲ್ಲಿ ಮಾಪಕವಿಲ್ಲ. ಆದರೂ ಹಳೆಯ ಶಿಷ್ಯನೊಬ್ಬ ‘ಮಾಷ್ಟ್ರಿಗೆ ಹೊತ್ತು ಹೋಗ್ಲಿ’ ಎಂದು ನನ್ನನ್ನು ಅದಕ್ಕೆ ಸೇರಿಸಿದ್ದಾನೆ.

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಬಂದ ಲೆಕ್ಕ ಹೀಗಿತ್ತು: ಪುತ್ತೂರು ಪೇಟೆ 38, ಬೆಟ್ಟಂಪಾಡಿ 42, ಐವರ್ನಾಡು 76, ಕಾಣಿಯೂರು 131. ಎಲ್ಲ ಮಿಲಿಮೀಟರಿನಲ್ಲಿ. ಯಾರೂ ಹುಬ್ಬೇರಿಸಲಿಲ್ಲ. ‘ಕಾಣಿಯೂರಿಗೆ ಒಳ್ಳೆ ಹೊಡೆದಿದೆ ಮಾರಾಯ್ರೆ’ ಎಂದು ಒಬ್ಬರು ಬರೆದರು, ಅಷ್ಟೇ. ನಾನು ಮಾತ್ರ ಕಾಫಿ ಆರುವವರೆಗೆ ಆ ನಾಲ್ಕು ಸಂಖ್ಯೆಗಳನ್ನೇ ನೋಡುತ್ತ ಕುಳಿತೆ. ಹತ್ತು ಹನ್ನೆರಡು ಮೈಲಿಯೊಳಗೆ ಒಂದೇ ದಿನದ ಮಳೆಯಲ್ಲಿ ಮೂರು ಪಟ್ಟು ವ್ಯತ್ಯಾಸ ಬರಬಹುದು ಎಂಬುದು ಇವರಿಗೆಲ್ಲ ಮಾತಾಡುವಷ್ಟು ದೊಡ್ಡ ಸಂಗತಿಯೇ ಅಲ್ಲ. ಐವತ್ತೊಂಬತ್ತನೇ ಇಸವಿಯಲ್ಲಿ ಹತ್ತು ವರ್ಷದ ಒಬ್ಬ ಹುಡುಗಿಗೂ ಅದು ಗೊತ್ತಿತ್ತು. ನನಗೂ ಗೊತ್ತಿತ್ತು. ಹೇಳಬೇಕಾದ ಹೊತ್ತಿನಲ್ಲಿ ನಾನು ಬಾಯಿ ಬಿಡಲಿಲ್ಲ.

ಆಗ ನನಗೆ ಇಪ್ಪತ್ತು ವರ್ಷ. ಟ್ರೈನಿಂಗ್ ಮುಗಿಸಿ ಬಂದವನಿಗೆ ಕಾಣಿಯೂರಿನಿಂದ ಮೂರು ಮೈಲಿ ಒಳಗಿನ ಒಂದು ಶಾಲೆ ಸಿಕ್ಕಿತು. ಆ ಕಾಲಕ್ಕೆ ಸುಳ್ಯ, ಕಡಬ ಎಲ್ಲವೂ ಪುತ್ತೂರು ತಾಲೂಕೇ. ಎರಡು ಕೋಣೆ, ಹಂಚಿನ ಮಾಡು, ಮಣ್ಣಿನ ನೆಲ. ಹೆಡ್ ಮಾಸ್ತರರು ಒಬ್ಬರು, ನಾನೊಬ್ಬ. ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ವರ್ಷದೊಳಗೆ ಇನ್‌ಸ್ಪೆಕ್ಟರರು ಬಂದು ನೋಡಿ ಒಳ್ಳೆಯ ರಿಪೋರ್ಟ್ ಬರೆದರೆ ಮಾತ್ರ ಖಾಯಂ. ಮನೆಯಲ್ಲಿ ತಂದೆ ಇಲ್ಲ, ಇಬ್ಬರು ತಂಗಿಯಂದಿರು. ಅಮ್ಮ ಪ್ರತಿ ಕಾಗದದ ಕೊನೆಗೂ ‘ಆರ್ಡರ್ ಬಂತಾ?’ ಎಂದು ಕೇಳುತ್ತಿದ್ದಳು.

ಟ್ರೈನಿಂಗಿನಲ್ಲಿ ನಮಗೆ ಪಾಠ ಹೇಳಿದ ಒಬ್ಬ ವಯಸ್ಸಾದ ಮೇಷ್ಟ್ರು ನನ್ನ ತಲೆ ಕೆಡಿಸಿದ್ದರು. ಮಗುವಿಗೆ ಉತ್ತರ ಕೊಡಬೇಡಿ, ಅದು ಕೇಳುವ ಪ್ರಶ್ನೆಗೆ ಜಾಗ ಮಾಡಿಕೊಡಿ ಎನ್ನುತ್ತಿದ್ದರು. ಮಗುವೇ ಮುಟ್ಟಲಿ, ಅಳೆಯಲಿ, ತಪ್ಪು ಮಾಡಲಿ. ನೀವು ಪಕ್ಕದಲ್ಲಿ ನಿಲ್ಲಿ, ಸಾಕು. ಇದನ್ನೆಲ್ಲ ನೋಟ್ ಪುಸ್ತಕದಲ್ಲಿ ಬರೆದುಕೊಂಡು ಶಾಲೆಗೆ ಬಂದರೆ ಇಲ್ಲಿ ಮಕ್ಕಳು ಬೆಂಚು ಹಿಡಿದುಕೊಂಡು ಮಗ್ಗಿ ಒದರುತ್ತಿದ್ದರು. ನಾನು ಪ್ರಶ್ನೆ ಕೇಳಿದರೆ ಪುಸ್ತಕದಲ್ಲಿದ್ದ ಸಾಲನ್ನು ಒಪ್ಪಿಸಿ ಕುಳಿತುಬಿಡುತ್ತಿದ್ದರು. ಐದನೇ ಕ್ಲಾಸಿನಲ್ಲಿದ್ದದ್ದು ಹದಿನಾಲ್ಕು ಮಂದಿ. ಮನೆಯಲ್ಲಿ ಕೆಲವರದು ತುಳು, ಕೆಲವರದು ಅರೆಭಾಷೆ, ನಾಲ್ಕು ಮಂದಿಯದು ಬ್ಯಾರಿ. ಅವರಿಗೆ ಕನ್ನಡವೆಂದರೆ ಪುಸ್ತಕದೊಳಗೆ ಇರುವ ಭಾಷೆ.

ಜೂನ್ ಮೊದಲ ವಾರ ನಾನೊಂದು ಸೀಮೆಎಣ್ಣೆ ಡಬ್ಬಿ ತಂದೆ. ಮೇಲಿನ ತಗಡು ಕತ್ತರಿಸಿ, ತೊಳೆದು, ಅಂಗಳದಲ್ಲಿಟ್ಟೆ. ಚೌಕ ಡಬ್ಬಿ, ಬಾಯಿಯೂ ಬುಡವೂ ಒಂದೇ ಅಳತೆ. ಮರದ ಸ್ಕೇಲನ್ನು ಇಳಿಸಿದರೆ ಎಷ್ಟು ಇಂಚು ಒದ್ದೆಯೋ ಅಷ್ಟು ಇಂಚು ಮಳೆ. ದಿನಾ ಬೆಳಿಗ್ಗೆ ಒಬ್ಬರು ಅಳೆಯಬೇಕು, ಪುಸ್ತಕದಲ್ಲಿ ಬರೆಯಬೇಕು, ನೀರು ಚೆಲ್ಲಿ ಡಬ್ಬಿಯನ್ನು ಮತ್ತೆ ಅಲ್ಲೇ ಇಡಬೇಕು. ನಾನು ಹಾಕಿದ ನಿಯಮ ಒಂದೇ: ಕಂಡದ್ದನ್ನು ಬರೆಯುವುದು, ಬರೆದದ್ದನ್ನು ಒರೆಸಬಾರದು. ಪುಸ್ತಕದ ಮೊದಲ ಪುಟದಲ್ಲಿ ಅದನ್ನು ದಪ್ಪ ಅಕ್ಷರದಲ್ಲಿ ನಾನೇ ಬರೆದೆ.

ಹೆಡ್ ಮಾಸ್ತರರು ಬಾಗಿಲಲ್ಲಿ ನಿಂತು ನೋಡಿದರು. “ಎಂತ ಮಾರಾಯ್ರೆ, ಮಳೆ ಅಳೆಯುದು ಸರಿ. ಪಾಠ ಮಾಡುದು ಯಾವಾಗ?”

“ಇದೇ ಪಾಠ ಸರ್.”

“ಹಾಗಾದ್ರೆ ಇನ್‌ಸ್ಪೆಕ್ಟರ್ ಬಂದಾಗ ಡಬ್ಬಿಯನ್ನೇ ಎದ್ದು ನಿಲ್ಲಿಸಿ ಪದ್ಯ ಹೇಳಿಸಿ” ಎಂದು ನಗಾಡಿ ಒಳಗೆ ಹೋದರು. ಕೆಟ್ಟ ಮನುಷ್ಯರಲ್ಲ. ತಡೆಯಲಿಲ್ಲವಲ್ಲ, ಅದೇ ದೊಡ್ಡದು.

ಮೂರನೆಯ ದಿನ ಅಳೆದು ಬರೆಯುವಾಗ ಹಿಂದಿನ ಸಾಲಿನಿಂದ ಒಂದು ಸಣ್ಣ ಧ್ವನಿ ಬಂತು. “ಮಾಷ್ಟ್ರೆ, ಡಬ್ಬಿ ಹಲಸಿನ ಮರದ ಹತ್ರ ಉಂಟಲ್ಲ. ಮರದ ಎಲೆಯ ನೀರೂ ಅದಕ್ಕೆ ಬೀಳ್ತದೆ. ಅದು ಮಳೆಯಾ, ಮರದ್ದಾ?”

ನಬೀಸ. ಅದ್ರಾಮ ಬ್ಯಾರಿಗಳ ಮಗಳು. ಶಾಲೆ ಶುರುವಾದಂದಿನಿಂದ ಅವಳ ಬಾಯಿಂದ ಒಂದು ಮಾತು ಹೊರಟದ್ದನ್ನು ನಾನು ಕೇಳಿರಲಿಲ್ಲ. ಹಾಜರಿ ಕೂಗಿದರೆ ಕೈ ಮಾತ್ರ ಎತ್ತುತ್ತಿದ್ದಳು. ನಾನು ಹೊರಗೆ ಹೋಗಿ ನೋಡಿದೆ. ಹಲಸಿನ ಗೆಲ್ಲೊಂದು ನೇರ ಡಬ್ಬಿಯ ಮೇಲೇ ಚಾಚಿತ್ತು. “ತಪ್ಪು ನನ್ನದು” ಎಂದೆ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾಷ್ಟ್ರು ತಪ್ಪು ಒಪ್ಪಿಕೊಂಡದ್ದನ್ನು ಅವರು ಎಲ್ಲೂ ಕಂಡವರಲ್ಲ. ಎಲ್ಲರೂ ಸೇರಿ ಡಬ್ಬಿಯನ್ನು ಅಂಗಳದ ನಡುವೆ ಇಟ್ಟು, ಗಾಳಿಗೆ ಬೀಳದಂತೆ ಸುತ್ತ ನಾಲ್ಕು ಮುರಕಲ್ಲು ಒತ್ತಿದರು. ಅಂದಿನಿಂದ ಡಬ್ಬಿಯ ಯಜಮಾನಿಕೆ ಅವಳದು. ಮನೆ ಎರಡೇ ಫರ್ಲಾಂಗ್ ದೂರವಿದ್ದುದರಿಂದ ಭಾನುವಾರ, ರಜೆ ಎಂದು ನೋಡದೆ ಅವಳೇ ಬಂದು ಅಳೆಯುತ್ತಿದ್ದಳು.

ಆ ಡಬ್ಬಿಯಿಂದ ಏನೆಲ್ಲ ಹೊರಟಿತು! ವಾರದ ಮಳೆ ಕೂಡಿಸಿ ಏಳರಿಂದ ಭಾಗಿಸುವಾಗ ಸರಾಸರಿ ಬಂತು. ನಾನು ಆ ಶಬ್ದವನ್ನು ಕೊನೆಗೆ ಹೇಳಿದೆ. ಹೊಳೆ ಯಾವ ದಿನ ಕೆಂಪಾಯಿತು, ಎಷ್ಟು ಇಂಚು ಬಿದ್ದ ಮೇಲೆ ಕೆಂಪಾಯಿತು ಎಂದು ಬರೆದಿಟ್ಟರು. ಗಾಳಿ ಪಡುವಣದಿಂದ ಬಂದ ದಿನಗಳನ್ನು ಬೇರೆ ಮಾಡಿದರು. ಒಂದು ದಿನ ಮಳೆ ಹನಿಯೂ ಇಲ್ಲದೆ ಡಬ್ಬಿಯಲ್ಲಿ ಎರಡು ಇಂಚು ನೀರು. ವಿಚಾರಣೆ ನಡೆಯಿತು. ಜನಾರ್ದನ ಎಂಬ ಪೋಕರಿ ಬಾವಿಯ ನೀರು ಹೊಯ್ದಿದ್ದ. ಹೊಡೆಯಲು ಕೈ ತುರಿಸಿದರೂ ಸುಮ್ಮನೆ ಕುಳಿತೆ. ಮಕ್ಕಳೇ ತೀರ್ಮಾನಿಸಲಿ ಎಂದೆ. ಅವರು ಚರ್ಚೆ ಮಾಡಿ ಪುಸ್ತಕದಲ್ಲಿ ಬರೆಸಿದರು: ‘ಇಂದಿನ ಎರಡು ಇಂಚು ಮಳೆಯಲ್ಲ. ಜನಾರ್ದನನು ನೀರು ಹೊಯ್ದನು. ಲೆಕ್ಕಕ್ಕೆ ಹಿಡಿಯಬಾರದು.’ ಜನಾರ್ದನ ಅದರ ಕೆಳಗೆ ಸಹಿ ಹಾಕಿದ. ನನ್ನ ಸರ್ವಿಸಿನಲ್ಲಿ ಅದಕ್ಕಿಂತ ಪ್ರಾಮಾಣಿಕವಾದ ದಾಖಲೆಯನ್ನು ನಾನು ಬೇರೆಲ್ಲೂ ನೋಡಿಲ್ಲ.

ಜುಲೈಯಲ್ಲಿ ಅದ್ರಾಮ ಬ್ಯಾರಿಗಳು ಶಾಲೆಗೆ ಬಂದರು. ಪುತ್ತೂರು, ಬೆಳ್ಳಾರೆ, ಕಾಣಿಯೂರು ಎಂದು ಸುತ್ತಿ ಕಾಳುಮೆಣಸು, ಅಡಿಕೆ ಕೊಳ್ಳುವ ವ್ಯಾಪಾರ ಅವರದು. ಜಗಲಿಯಲ್ಲಿ ಕೊಡೆ ಮಡಚಿ ನಿಂತು ಹೇಳಿದರು, “ಮಾಷ್ಟ್ರೆ, ಹೆಣ್ಣು ಮಕ್ಕಳನ್ನು ಐದನೆಯ ನಂತರ ಕಳಿಸುದು ನಮ್ಮಲ್ಲಿ ಇಲ್ಲ. ಇವಳು ಮನೆಯಲ್ಲಿ ಬರೀ ಇಂಚು, ಸರಾಸರಿ ಅಂತ ಮಾತಾಡುದು. ನನಗೆ ಅರ್ಥ ಆಗುದಿಲ್ಲ. ತಲೆ ಉಂಟಾ ಇವಳಿಗೆ? ನೀವು ಉಂಟು ಅಂದ್ರೆ ಆರನೆಗೆ ಕಳಿಸ್ತೇನೆ. ಯಾರು ಎಂತ ಹೇಳಿದ್ರೂ ಕಳಿಸ್ತೇನೆ.”

“ಉಂಟು. ನನ್ನಷ್ಟೇ ಉಂಟು” ಎಂದೆ. ಅವರು ಜೋರಾಗಿ ನಕ್ಕರು. ನಾನು ತಮಾಷೆಗೆ ಹೇಳಿದ್ದಲ್ಲ.

ಜುಲೈ ಕೊನೆಗೆ, ಆಟಿ ತಿಂಗಳಲ್ಲಿ, ಆ ದಿನ ಬಂತು. ಹಿಂದಿನ ದಿನ ಮಧ್ಯಾಹ್ನ ಹಿಡಿದ ಮಳೆ ಬೆಳಿಗ್ಗೆಯವರೆಗೂ ಬಿಡಲಿಲ್ಲ. ಹೊಳೆ ದಾಟಲು ಹಾಕಿದ್ದ ಅಡಿಕೆ ಮರದ ಸಂಕ ಕೊಚ್ಚಿಕೊಂಡು ಹೋಗಿ ಆಚೆ ದಡದ ಮಕ್ಕಳು ಬರಲಿಲ್ಲ. ಕ್ಲಾಸಿನಲ್ಲಿ ಐದು ಮಂದಿ. ನಬೀಸ ಎಲೆ ಹೆಣೆದ ಗೊರಬೆ ಹೊದ್ದುಕೊಂಡು ಅಂಗಳಕ್ಕಿಳಿದು ಸ್ಕೇಲು ಇಳಿಸಿ ಎತ್ತಿದವಳು ಹಾಗೇ ನಿಂತಳು. “ಮಾಷ್ಟ್ರೆ, ನೀವೊಮ್ಮೆ ಬನ್ನಿ” ಎಂದು ಕರೆದಳು. ನಾನು ನೆನೆದುಕೊಂಡೇ ಹೋದೆ. ಒಂದಡಿ ಸ್ಕೇಲಿನಲ್ಲಿ ಮೇಲಿನ ಒಂದು ಇಂಚು ಮಾತ್ರ ಮುಳುಗಿರಲಿಲ್ಲ. ನಾನೇ ಸ್ಕೇಲು ಒರೆಸಿ ಎರಡನೇ ಸಲ ಇಳಿಸಿದೆ. ಹನ್ನೊಂದು. ಅವಳು ಪುಸ್ತಕದಲ್ಲಿ ‘11’ ಎಂದು ಬರೆದು, ‘ಸಂಕ ಹೋಯಿತು’ ಎಂದು ಪಕ್ಕಕ್ಕೆ ಸೇರಿಸಿದಳು. ಅಂದು ಬೇರೆ ಪಾಠವೇ ಆಗಲಿಲ್ಲ. ಹನ್ನೊಂದು ಇಂಚೆಂದರೆ ನಮ್ಮ ಅಂಗಳದಲ್ಲಿ ಎಷ್ಟು ಕೊಡಪಾನ ನೀರು ಎಂದು ಐದು ಮಂದಿ ಸಂಜೆಯವರೆಗೆ ಲೆಕ್ಕ ಹಾಕಿದರು.

ಇನ್‌ಸ್ಪೆಕ್ಟರರು ಬಂದದ್ದು ಅದಾಗಿ ಹದಿನೈದು ದಿನದ ಮೇಲೆ. ಘಟ್ಟದ ಮೇಲಿನವರು, ಹೊಸ ರಾಜ್ಯವಾದ ಮೇಲೆ ನಮ್ಮ ಕಡೆಗೆ ಬಂದವರು. ಮಿತಭಾಷಿ, ಸಭ್ಯ. ಹೆಡ್ ಮಾಸ್ತರರು ಎರಡು ದಿನದಿಂದ ಊಟ ಬಿಟ್ಟಿದ್ದರು. ಪದ್ಯ, ಮಗ್ಗಿ ಆಯಿತು. ಆಮೇಲೆ ಅವರ ಕಣ್ಣು ಮೇಜಿನ ಮೇಲಿದ್ದ ಮಳೆಯ ಪುಸ್ತಕದ ಮೇಲೆ ಬಿತ್ತು. ಪುಟ ತಿರುಗಿಸುತ್ತ ಹೋದರು. ಜನಾರ್ದನನ ಸಹಿ ನೋಡಿ ನಕ್ಕರು. ನನ್ನ ಎದೆ ಉಬ್ಬಿತು. ಆರ್ಡರ್ ಬಂದೇಬಿಟ್ಟಿತು ಎಂದುಕೊಂಡೆ.

ಒಂದು ಪುಟದಲ್ಲಿ ಅವರ ಬೆರಳು ನಿಂತಿತು. “ಹನ್ನೊಂದು ಇಂಚು? ಆ ದಿವಸ ನಾನು ಪುತ್ತೂರಲ್ಲೇ ಇದ್ದೆ. ತಾಲ್ಲೂಕು ಕಚೇರಿ ಲೆಕ್ಕ ನಾಲ್ಕೂವರೆ. ಇದನ್ನ ಬರೆದೋರು ಯಾರಮ್ಮ?”

ನಬೀಸ ಎದ್ದು ನಿಂತಳು. “ನಾನು ಸಾರ್.”

“ಯಾವುದು ಸರಿ? ಕಚೇರೀದಾ, ನಿಂದಾ?”

ಅವಳು ಹೆದರಲಿಲ್ಲ. ಪಾಪ, ಅವಳಿಗೆ ಹೆದರದಿರುವುದನ್ನು ಕಲಿಸಿದ್ದು ನಾನೇ. “ಎರಡೂ ಸರಿ ಇರಬಹುದು ಸಾರ್. ಅದು ಅಲ್ಲಿ ಬಿದ್ದದ್ದು, ಇದು ಇಲ್ಲಿ ಬಿದ್ದದ್ದು. ಇಲ್ಲಿ ಸಂಕ ಹೋಗಿದೆ.” ಹಾಗೆಂದು ನನ್ನ ಕಡೆ ನೋಡಿದಳು. ಉಳಿದ ಹದಿಮೂರು ಮಂದಿಯೂ ನೋಡಿದರು.

ಇನ್‌ಸ್ಪೆಕ್ಟರರು ಸಿಟ್ಟಾಗಲಿಲ್ಲ. ಕುತೂಹಲದಿಂದಲೇ ನನ್ನ ಕಡೆ ತಿರುಗಿದರು. “ಏನ್ ಮೇಷ್ಟ್ರೇ, ಇಷ್ಟು ವ್ಯತ್ಯಾಸ ಬರುತ್ತಾ?”

ಬರುತ್ತದೆ ಸರ್, ನಾನೇ ನೋಡಿದ್ದೇನೆ ಎಂದರೆ ಮುಗಿಯುತ್ತಿತ್ತು. ಅವರು ತಲೆದೂಗುತ್ತಿದ್ದರೋ ಏನೋ. ಇಂದು ಯೋಚಿಸಿದರೆ ತಲೆದೂಗುತ್ತಿದ್ದರು ಎಂದೇ ಅನ್ನಿಸುತ್ತದೆ. ಆದರೆ ಹೆಡ್ ಮಾಸ್ತರರು ಹಿಂದಿನಿಂದ ನನ್ನ ಅಂಗಿಯನ್ನು ಮೆಲ್ಲ ಜಗ್ಗಿದರು. ತಾಲೂಕು ಕಚೇರಿ ತಪ್ಪು ಎಂದು ಹೇಳಿದ ಹಾಗಾಗುತ್ತದೆ ಎಂಬ ಒಂದೇ ಯೋಚನೆ ನನ್ನ ತಲೆಗೆ ಹೊಕ್ಕಿತು. “ಅಳೆಯುವಾಗ ತಪ್ಪಾಗಿರಬೇಕು ಸರ್” ಎಂದೆ. ಅಷ್ಟಕ್ಕೆ ನಿಲ್ಲಿಸಿದ್ದರೂ ಆಗುತ್ತಿತ್ತು. “ಹಿಂದೊಮ್ಮೆ ನೀರು ಹೊಯ್ದಿದ್ದರಲ್ಲ, ಇದೂ ಹಾಗೇ ಆಗಿರಬಹುದು. ಮಕ್ಕಳು ತಾನೇ” ಎಂದು ಸೇರಿಸಿದೆ. ಜನಾರ್ದನ ಕುಳಿತಲ್ಲಿಂದ “ಇಲ್ಲ ಮಾಷ್ಟ್ರೆ, ಆ ದಿನ ನಾನು ಬರ್ಲೇ ಇಲ್ಲ, ಸಂಕ ಇರ್ಲಿಲ್ಲ” ಎಂದ. ನಾನು ಅವನನ್ನು ಗದರಿಸಿ ಸುಮ್ಮನಾಗಿಸಿದೆ. ಆಮೇಲೆ ನಬೀಸಳ ಕೈಗೆ ಪೆನ್ಸಿಲ್ ಕೊಟ್ಟು, “ಅದನ್ನು ಹೊಡೆದುಹಾಕಿ ನಾಲ್ಕೂವರೆ ಅಂತ ಬರಿ” ಎಂದೆ.

ಅವಳು ಪುಸ್ತಕದ ಮೊದಲ ಪುಟ ತೆಗೆದಳು. ನನ್ನ ದಪ್ಪ ಅಕ್ಷರದ ನಿಯಮವಿದ್ದ ಪುಟ. ಒಮ್ಮೆ ಅದನ್ನು ನೋಡಿ, ಒಮ್ಮೆ ನನ್ನನ್ನು ನೋಡಿ, ಮತ್ತೆ ಆ ದಿನದ ಪುಟಕ್ಕೆ ಬಂದು ‘11’ರ ಮೇಲೆ ಒಂದು ಗೆರೆ ಎಳೆದಳು. ‘4½’ ಎಂದು ಬರೆದಳು. ‘ಸಂಕ ಹೋಯಿತು’ ಎಂಬುದನ್ನು ಮಾತ್ರ ಮುಟ್ಟಲಿಲ್ಲ. ಮರುದಿನದಿಂದ ಅವಳು ಶಾಲೆಗೆ ಬರಲಿಲ್ಲ.

ನಾಲ್ಕನೆಯ ದಿನ ಅದ್ರಾಮ ಬ್ಯಾರಿಗಳು ಬಂದರು. ಈ ಸಲ ಜಗಲಿ ಹತ್ತಲಿಲ್ಲ. “ಮಾಷ್ಟ್ರೆ, ಒಂದೇ ಮಾತು ಹೇಳಿ. ಇವಳು ಅಳೆದದ್ದು ತಪ್ಪಾ? ನಾನು ಆ ದಿನ ಪುತ್ತೂರಿನಿಂದ ಹೊರಟವ. ಅಲ್ಲಿ ಇಷ್ಟು ದೊಡ್ಡ ಮಳೆ ಇಲ್ಲ. ಕಾಣಿಯೂರು ದಾಟಿದ ಮೇಲೆ ಹೊಳೆ ದಾಟ್ಲಿಕ್ಕೆ ಆಗದೆ ಆಚೆ ದಡದಲ್ಲೇ ಕೂತಿದ್ದೆ. ಊರಿಂದೂರಿಗೆ ಮಳೆ ಬೇರೆ ಅಂತ ನಮ್ಮಂಥವರಿಗೂ ಗೊತ್ತುಂಟು. ನೀವು ಅವಳಿಗೆ ಒಮ್ಮೆ ಹೇಳಿ, ನಿನ್ನದು ಸರಿ ಅಂತ. ಬರ್ತಾಳೆ.”

ರಿಪೋರ್ಟ್ ಇನ್ನೂ ಬಂದಿರಲಿಲ್ಲ. ಒಳಗಿನಿಂದ ಹೆಡ್ ಮಾಸ್ತರರು ಕೇಳಿಸಿಕೊಳ್ಳುತ್ತಿದ್ದರು. “ಸ್ವಲ್ಪ ದಿನ ಹೋಗಲಿ ಬ್ಯಾರಿಗಳೇ, ಮತ್ತೆ ನೋಡುವ” ಎಂದೆ.

“ಸ್ವಲ್ಪ ದಿನ” ಎಂದು ಅವರು ನನ್ನ ಮಾತನ್ನೇ ಹೇಳಿ ನೋಡಿಕೊಂಡರು. “ಆಯ್ತು. ಹಾಗಾದ್ರೆ ನಾನು ಅವಳಿಗೆ ಎಂತ ಹೇಳುದು?” ಅವರು ಕೊಡೆ ಬಿಡಿಸಿಕೊಂಡು ಹೋದರು.

ಆರು ವಾರದ ಮೇಲೆ ರಿಪೋರ್ಟ್ ಬಂತು. ‘ಮಳೆ ಅಳೆಯುವ ಚಟುವಟಿಕೆ ಮೆಚ್ಚತಕ್ಕದ್ದು. ಉಳಿದ ಶಾಲೆಗಳೂ ಅನುಸರಿಸಬಹುದು’ ಎಂದು ಬರೆದಿದ್ದರು. ಖಾಯಂ ಆಯಿತು. ಆ ದಿನ ಸಂಜೆಯೇ ನಾನು ನಬೀಸಳ ಮನೆಗೆ ಹೋದೆ. ಅವಳನ್ನು ಉಪ್ಪಿನಂಗಡಿಯ ಅಜ್ಜಿಯ ಮನೆಗೆ ಕಳಿಸಿದ್ದರು. ತಾಯಿ ಬಾಗಿಲ ಹಿಂದಿನಿಂದ ಅಷ್ಟು ಹೇಳಿದಳು. ಶಾಲೆಯಲ್ಲಿ ಡಬ್ಬಿ ಇತ್ತು, ಸರದಿ ಪ್ರಕಾರ ಮಕ್ಕಳು ಅಳೆಯುತ್ತಿದ್ದರು. ಆದರೆ ಬರೆಯುವ ಮೊದಲು “ಎಷ್ಟು ಬರೆಯುದು ಮಾಷ್ಟ್ರೆ?” ಎಂದು ನನ್ನನ್ನು ಕೇಳತೊಡಗಿದ್ದರು. ಜನಾರ್ದನನೂ ಕೇಳುತ್ತಿದ್ದ. ಅಕ್ಟೋಬರಿನಲ್ಲಿ ನಾನು ಡಬ್ಬಿಯನ್ನು ಒಳಗಿಟ್ಟೆ. ಮರುವರ್ಷ ನನಗೆ ವರ್ಗವಾಯಿತು. ಆ ಪುಸ್ತಕವನ್ನು ಆಮೇಲೆ ಗೆದ್ದಲು ತಿಂದಿತು ಎಂದು ಕೇಳಿದೆ.

ಇಷ್ಟಾದ ಮೇಲೆ ನಾನು ಬಾಯಿ ಮುಚ್ಚಿ ಇರಬೇಕಿತ್ತು. ಇರಲಿಲ್ಲ. ಮೂವತ್ತೈದು ವರ್ಷ ಎಲ್ಲ ಶಿಬಿರಗಳಲ್ಲಿ ಸೀಮೆಎಣ್ಣೆ ಡಬ್ಬಿಯ ಕತೆ ಹೇಳಿದೆ. ಹಲಸಿನ ಮರದ ನೀರಿನ ಆ ಪ್ರಶ್ನೆಯನ್ನು ಹೇಳಿದಾಗಲೆಲ್ಲ ಶಿಕ್ಷಕರು ಚಪ್ಪಾಳೆ ತಟ್ಟುತ್ತಿದ್ದರು. ಮಗು ಕೇಂದ್ರದಲ್ಲಿರಬೇಕು ಎಂದು ಭಾಷಣ ಮಾಡಿದೆ, ಶಾಲು ಹೊದೆಸಿಕೊಂಡೆ. ಹನ್ನೊಂದು ಇಂಚಿನ ಸುದ್ದಿಯನ್ನು ಎಲ್ಲಿಯೂ ಎತ್ತಲಿಲ್ಲ. ನಾಚಿಕೆಯಾಗುತ್ತದೆ. ಈಗ ಬರೆಯುವಾಗಲೂ ಆಗುತ್ತಿದೆ.

ಮೊಬೈಲಿನಲ್ಲಿ ಆ ನಾಲ್ಕು ಸಂಖ್ಯೆ ನೋಡಿದ ವಾರವೇ ಮೊಮ್ಮಗನ ಕಾರಿನಲ್ಲಿ ಕಾಣಿಯೂರಿಗೆ ಹೋದೆ. ವಿಚಾರಿಸಿದಾಗ ಮನೆ ಸಿಕ್ಕಿತು. ನಬೀಸ ಮದುವೆಯಾಗಿ ಕೆಲವು ವರ್ಷ ಬೇರೆ ಕಡೆ ಇದ್ದು, ಮತ್ತೆ ತಂದೆಯ ಜಾಗಕ್ಕೇ ಬಂದಿದ್ದಳಂತೆ. ತೀರಿಕೊಂಡು ಎರಡು ವರ್ಷವಾಗಿತ್ತು. ಮಗಳು ಜೋಹರಾ ಕುರ್ಚಿ ಕೊಟ್ಟು ಚಾ ತಂದಳು. ಅಂಗಳದ ನಡುವೆ, ಯಾವ ಮರದ ನೆರಳೂ ಇಲ್ಲದ ಕಡೆ, ನಾಲ್ಕು ಕಲ್ಲುಗಳ ನಡುವೆ ಒಂದು ಹಳೆಯ ಎಣ್ಣೆ ಡಬ್ಬಿ ಇತ್ತು.

“ಉಮ್ಮನದ್ದು” ಎಂದಳು ನಾನು ನೋಡುವುದನ್ನು ಕಂಡು. “ತೆಗೀಲಿಕ್ಕೆ ಮನಸ್ಸು ಬರ್ಲಿಲ್ಲ. ಮಳೆಗಾಲ ಪೂರ್ತಿ ದಿನಾ ಕೋಲು ಹಾಕಿ ನೋಡುದು. ಇಷ್ಟು ಬಿತ್ತು ಅಂತ ನಮಗೆ ಹೇಳುದು, ಚೆಲ್ಲುದು. ಅಣ್ಣ ಗಲ್ಫಿನಿಂದ ಡೈರಿ ತಂದು ಕೊಟ್ಟಿದ್ದ, ಬರೆದಿಡಿ ಉಮ್ಮ ಅಂತ. ಬರೀಲೇ ಇಲ್ಲ. ಬರೆದ್ರೆ ತಿದ್ದಿಸ್ತಾರೆ, ಹೇಳಿದ್ರೆ ತಿದ್ದಿಸ್ಲಿಕ್ಕೆ ಆಗುದಿಲ್ಲ ಅಂತ ಹೇಳಿ ನಗಾಡ್ತಿದ್ರು.”

ನಾನು ಲೋಟ ಕೆಳಗಿಟ್ಟೆ. “ತಿದ್ದಿಸಿದ್ದು ನಾನಮ್ಮ.”

“ಗೊತ್ತುಂಟು ಮಾಷ್ಟ್ರೆ. ನೀವು ಹೆಸರು ಹೇಳಿದಾಗಲೇ ಗೊತ್ತಾಯ್ತು” ಎಂದಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. “ಉಮ್ಮ ನಿಮ್ಮನ್ನು ಬೈಲಿಲ್ಲ. ಒಳ್ಳೆ ಮಾಷ್ಟ್ರು, ಹೆದರಿಕೆ ಜಾಸ್ತಿ ಅಂತ ಹೇಳ್ತಿದ್ರು. ಚಾ ಕುಡೀರಿ, ಆರ್ತದೆ.”

ಅರುವತ್ತು ವರ್ಷಕ್ಕೂ ಮಿಕ್ಕಿ ಎಷ್ಟು ದಿನ ಅವಳು ಆ ಕೋಲು ಇಳಿಸಿದ್ದಾಳೋ, ಎಷ್ಟು ಮಳೆ ನೋಡಿದ್ದಾಳೋ. ಒಂದು ಸಾಲೂ ಎಲ್ಲಿಯೂ ಇಲ್ಲ. ಅದನ್ನೆಲ್ಲ ಚೆಲ್ಲಿಸಿದವನು ನಾನು.

ಹೋದ ವಾರ ಗುಂಪಿನಲ್ಲಿ ಒಬ್ಬರು ಕೇಳಿದ್ದರು: ‘ಕಾಣಿಯೂರು ಕಡೆ ಒಂದೇ ದಿನ ಅತಿ ಹೆಚ್ಚು ಎಷ್ಟು ಬಿದ್ದದ್ದುಂಟು? ಹಳಬರು ಯಾರಾದ್ರೂ ಹೇಳಿ.’ ನಾನು ಕನ್ನಡಕ ಹಾಕಿ, ಒಂದೊಂದೇ ಅಕ್ಷರ ಒತ್ತಿ ಬರೆದೆ: ‘ಐವತ್ತೊಂಬತ್ತನೇ ಇಸವಿ, ಆಟಿ ತಿಂಗಳು. ಹನ್ನೊಂದು ಇಂಚು. ಸಂಕ ಹೋಗಿತ್ತು. ಅಳೆದವರು ನಬೀಸ, ಐದನೇ ಕ್ಲಾಸು.’

ಸ್ವಲ್ಪ ಹೊತ್ತಿನಲ್ಲಿ ಯಾರೋ ಕೇಳಿದರು: ‘ಆಗ ಪುತ್ತೂರಿನಲ್ಲಿ ಅಷ್ಟೆಲ್ಲ ಬಿದ್ದ ಹಾಗಿಲ್ಲ. ದಾಖಲೆ ಏನಾದ್ರೂ ಉಂಟಾ ಮಾಷ್ಟ್ರೆ?’

ದಾಖಲೆ ಇಲ್ಲ. ಇದ್ದದ್ದನ್ನು ಹೊಡೆದುಹಾಕಿಸಿದೆ, ಉಳಿದದ್ದನ್ನು ಗೆದ್ದಲು ತಿಂದಿತು. ಎರಡು ಸಲ ತಪ್ಪಾಗಿ ಮೂರನೇ ಸಲ ಸರಿಯಾಗಿ ಒತ್ತಿದೆ.

‘ನಾನೇ ನೋಡಿದ್ದೇನೆ’ ಎಂದು ಬರೆದೆ.